ಎನ್‌ಎಲ್‌ಪಿ ತರಬೇತಿ ಮುಗಿಯಿತು, ತರಗತಿಗೆ ಅದರಲ್ಲಿ ಯಾವುದನ್ನು ಒಯ್ಯಲಿ?

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕಿ. ಎಂಟನೇ ತರಗತಿಯ ಎರಡು ವಿಭಾಗಗಳಿಗೆ ಗಣಿತ, ವಿಜ್ಞಾನ ಪಾಠ ಮಾಡುತ್ತೇನೆ. ಇತ್ತೀಚೆಗೆ ನಮ್ಮ ಶಾಲೆಯಲ್ಲಿ ನ್ಯೂರೋ ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್ (ಎನ್‌ಎಲ್‌ಪಿ), ಅಂದರೆ ಮಾತು, ವರ್ತನೆಗಳ ಮೂಲಕ ಮನಸ್ಸಿನಲ್ಲಿ ಬದಲಾವಣೆ ತರುತ್ತೇವೆ ಎನ್ನುವ ವಿಧಾನದ ಕುರಿತು ತರಬೇತಿ ನಡೆಯಿತು. ಮಕ್ಕಳನ್ನು ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ವಿಂಗಡಿಸಿ ಪಾಠ ಮಾಡಿ ಎಂದರು. ಕಣ್ಣಿನ ಚಲನೆಯಿಂದ ಮಗು ಏನು ಯೋಚಿಸುತ್ತಿದೆ ಎಂದು ತಿಳಿಯಬಹುದಂತೆ. ಬೆರಳು ಒತ್ತಿಕೊಳ್ಳುವ ‘ಆಂಕರಿಂಗ್’ ವಿಧಾನದಿಂದ ಪರೀಕ್ಷೆಯ ಭಯ ಹೋಗುತ್ತದಂತೆ. ಮುಂದಿನ ಅವಧಿಯಿಂದ ಇದನ್ನೆಲ್ಲ ಜಾರಿಗೆ ತನ್ನಿ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ಇದಕ್ಕೆ ವೈಜ್ಞಾನಿಕ ಆಧಾರ ಇದೆಯೇ? ನನ್ನ ನಿಜವಾದ ತಲೆನೋವು ‘ನಂಗೆ ಗಣಿತ ಬರಲ್ಲ’ ಎಂದು ಕೈಕಟ್ಟಿ ಕೂರುವ ಮಕ್ಕಳು. ಅವರಿಗೆ ಇದರಿಂದ ಏನಾದರೂ ಉಪಯೋಗವಿದೆಯೇ? ಮುಂದಿನ ಹಂತದ ಸರ್ಟಿಫಿಕೇಟ್ ಕೋರ್ಸಿಗೆ ಸೇರಬಹುದೇ?

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ, ಕಾರಣ ಆಮೇಲೆ. ಮಕ್ಕಳನ್ನು ಮೂರು ಗುಂಪು ಮಾಡುವುದನ್ನೂ ಕಣ್ಣು ನೋಡಿ ಮನಸ್ಸು ಓದುವುದನ್ನೂ ಪೂರ್ತಿ ಕೈಬಿಡಿ. ಆಂಕರಿಂಗ್ ಅನ್ನು, ಅಂದರೆ ಒಂದು ಸೂಚನೆಯನ್ನು ಒಂದು ಸ್ಥಿತಿಗೆ ಜೋಡಿಸುವುದನ್ನು, ಪರೀಕ್ಷೆಯ ಭಯಕ್ಕೆ ನೆಚ್ಚಿಕೊಳ್ಳಬೇಡಿ, ತರಗತಿಯ ಶಿಸ್ತಿಗೆ ಬಳಸಿ. ನಿಮ್ಮ ತಲೆನೋವಿಗೆ ಮದ್ದು ಎನ್‌ಎಲ್‌ಪಿಯಲ್ಲಿ ಇದೆ, ಆದರೆ ಅದು ನೀವು ಪತ್ರದಲ್ಲಿ ಹೆಸರಿಸಿದ ಮೂರರಲ್ಲಿ ಯಾವುದೂ ಅಲ್ಲ. ಮಾತನ್ನು ಬಿಡಿಸಿ ನೋಡುವ ಪ್ರಶ್ನೆಗಳು ಅದರಲ್ಲಿ ಒಂದು ಭಾಗ. ತರಬೇತಿಗಳಲ್ಲಿ ಇದನ್ನು ಸಾಮಾನ್ಯವಾಗಿ ಗಡಿಬಿಡಿಯಲ್ಲಿ ಮುಗಿಸುತ್ತಾರೆ, ಏಕೆಂದರೆ ಅದರಲ್ಲಿ ಚಮತ್ಕಾರ ಇಲ್ಲ.

ಈ ವಿದ್ಯೆ ಹುಟ್ಟಿದ್ದು ತರಗತಿಯಲ್ಲಲ್ಲ. 1970ರ ದಶಕದ ಮೊದಲ ಭಾಗದಲ್ಲಿ, ಅಮೆರಿಕದ ಸಾಂತಾ ಕ್ರೂಜ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ರಿಚರ್ಡ್ ಬ್ಯಾಂಡ್ಲರ್ ಮತ್ತು ಅಲ್ಲಿಯೇ ಭಾಷಾಶಾಸ್ತ್ರ ಕಲಿಸುತ್ತಿದ್ದ ಜಾನ್ ಗ್ರಿಂಡರ್ ಸೇರಿ ಕಟ್ಟಿದ್ದು. ಗೆಸ್ಟಾಲ್ಟ್ ಎಂಬ ಮನೋಚಿಕಿತ್ಸೆಯ ಫ್ರಿಟ್ಜ್ ಪರ್ಲ್ಸ್, ಕುಟುಂಬ ಚಿಕಿತ್ಸೆಯ ವರ್ಜೀನಿಯಾ ಸಟಿರ್, ಸಂಮೋಹನ ಚಿಕಿತ್ಸೆಯ ಮಿಲ್ಟನ್ ಎರಿಕ್ಸನ್, ಈ ಮೂವರು ತಮ್ಮ ಬಳಿ ಬಂದವರೊಂದಿಗೆ ಹೇಗೆ ಮಾತಾಡುತ್ತಾರೆ, ಏನು ಕೇಳುತ್ತಾರೆ ಎಂದು ಗಮನಿಸಿ ಅದನ್ನು ಬೇರೆಯವರಿಗೂ ಕಲಿಸಬಹುದಾದ ಸೂತ್ರಗಳಾಗಿ ಬರೆದರು. ಮೊದಲ ಪುಸ್ತಕ 1975ರಲ್ಲಿ ಬಂತು. ನಿಪುಣರನ್ನು ಗಮನಿಸಿ ಕಲಿಯುವುದು ಒಳ್ಳೆಯ ಯೋಚನೆಯೇ. ತೊಂದರೆ ಆದದ್ದು ಆಮೇಲೆ. ಗಮನಿಸಿ ಬರೆದದ್ದರ ಮೇಲೆ ಮೆದುಳಿನ ಬಗ್ಗೆ, ಕಣ್ಣಿನ ಬಗ್ಗೆ, ಮನುಷ್ಯರ ‘ವಿಧ’ಗಳ ಬಗ್ಗೆ ದೊಡ್ಡ ದೊಡ್ಡ ಮಾತುಗಳು ಸೇರಿಕೊಂಡವು. ಅವನ್ನು ಪರೀಕ್ಷಿಸಿ ನೋಡುವ ಮೊದಲೇ ತರಬೇತಿಗಳು ಶುರುವಾದವು. ಹೆಸರಿನಲ್ಲಿ ‘ನ್ಯೂರೋ’ ಇದೆ ಎಂದ ಮಾತ್ರಕ್ಕೆ ಇದು ನರವಿಜ್ಞಾನದಿಂದ ಬಂದದ್ದಲ್ಲ ಎನ್ನುವುದನ್ನು ನೆನಪಿಡಿ.

ಈಗ ಮೂರು ಗುಂಪಿನ ವಿಚಾರ. ಎನ್‌ಎಲ್‌ಪಿಯ ಮೂಲ ವಾದ ಹೀಗಿತ್ತು: ಪ್ರತಿಯೊಬ್ಬರಿಗೂ ಒಂದು ನೆಚ್ಚಿನ ಇಂದ್ರಿಯ ಇರುತ್ತದೆ, ಅವರು ಬಳಸುವ ಕ್ರಿಯಾಪದಗಳಲ್ಲಿ ಅದು ಕಾಣುತ್ತದೆ, ಅದಕ್ಕೆ ಹೊಂದುವ ಪದಗಳಲ್ಲಿ ನಾವು ಮಾತಾಡಿದರೆ ಅವರು ಬೇಗ ನಮ್ಮವರಾಗುತ್ತಾರೆ. ಕ್ರಿಸ್ಟೋಫರ್ ಶಾರ್ಪ್ಲಿ ಎಂಬ ಸಂಶೋಧಕ ಈ ಕುರಿತ ಅಧ್ಯಯನಗಳನ್ನು ಒಟ್ಟುಮಾಡಿ 1984ರಲ್ಲಿ ಒಮ್ಮೆ, 1987ರಲ್ಲಿ ಇನ್ನೊಮ್ಮೆ ವಿಮರ್ಶಿಸಿದರು. ಎರಡು ಸಲವೂ ಈ ವಾದಕ್ಕೆ ಗಟ್ಟಿ ಬೆಂಬಲ ಸಿಗಲಿಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿ ಮನುಷ್ಯನ ಸಾಮರ್ಥ್ಯ ಹೆಚ್ಚಿಸುವ ತಂತ್ರಗಳನ್ನೆಲ್ಲ ಪರಿಶೀಲಿಸಿ 1988ರಲ್ಲಿ ಕೊಟ್ಟ ವರದಿಯೂ ಎನ್‌ಎಲ್‌ಪಿಯ ಬಗ್ಗೆ ಅದನ್ನೇ ಹೇಳಿತು. ಕನ್ನಡದಲ್ಲಂತೂ ಈ ಕ್ರಿಯಾಪದದ ಲೆಕ್ಕ ಶುರುವಿನಲ್ಲೇ ಮುರಿದುಬೀಳುತ್ತದೆ. ನಾವು ಕೇಳಿ ನೋಡುತ್ತೇವೆ, ಮುಟ್ಟಿ ನೋಡುತ್ತೇವೆ, ಮಾಡಿಯೂ ನೋಡುತ್ತೇವೆ. ಹಾಗಾದರೆ ಕನ್ನಡ ಮಾತಾಡುವ ಎಲ್ಲ ಮಕ್ಕಳೂ ‘ನೋಡಿ ಕಲಿಯುವವರು’ ಎನ್ನಬೇಕಾದೀತು.

ಶಾಲೆಗಳಿಗೆ ಈ ವಿಂಗಡಣೆ ಬಂದದ್ದು ‘ಕಲಿಕಾ ಶೈಲಿ’ ಎಂಬ ಇನ್ನಷ್ಟು ಜನಪ್ರಿಯ ಹೆಸರಿನಲ್ಲಿ. ಬ್ರಿಟನ್ನಿನಲ್ಲಿ ಫ್ರಾಂಕ್ ಕಾಫೀಲ್ಡ್ ಮತ್ತು ಸಂಗಡಿಗರು 2004ರಲ್ಲಿ ಎಣಿಸಿದಾಗ ಇಂಥ ಶೈಲಿಗಳ 71 ಮಾದರಿಗಳು ಸಿಕ್ಕವು. ಒಂದು ಮಗು ಯಾವ ವಿಧಕ್ಕೆ ಸೇರಿದ್ದು ಎನ್ನುವುದು ಯಾವ ಮಾದರಿ ಕೊಂಡಿರಿ ಎನ್ನುವುದರ ಮೇಲೆ ನಿಂತಿದೆ ಎಂದಾಯಿತು. 2008ರಲ್ಲಿ ಹೆರಾಲ್ಡ್ ಪ್ಯಾಷ್ಲರ್, ರಾಬರ್ಟ್ ಬ್ಯೋರ್ಕ್ ಮೊದಲಾದ ಮನೋವಿಜ್ಞಾನಿಗಳು ಒಂದು ಸರಳ ಪ್ರಶ್ನೆ ಇಟ್ಟುಕೊಂಡು ಕೂತರು. ‘ನೋಡುವ’ ಮಕ್ಕಳಿಗೆ ಚಿತ್ರದಲ್ಲಿ, ‘ಕೇಳುವ’ ಮಕ್ಕಳಿಗೆ ಮಾತಿನಲ್ಲಿ ಕಲಿಸಿದರೆ ಅಂಕ ಹೆಚ್ಚುತ್ತದೆಯೇ? ಹಾಗೆ ತೋರಿಸಬೇಕಾದರೆ ಎರಡೂ ಬಗೆಯ ಮಕ್ಕಳಿಗೆ ಎರಡೂ ಬಗೆಯಲ್ಲಿ ಕಲಿಸಿ ಒಂದೇ ಪರೀಕ್ಷೆ ಕೊಡಬೇಕು. ಹಾಗೆ ನೆಟ್ಟಗೆ ನಡೆಸಿದ ಅಧ್ಯಯನಗಳೇ ಬೆರಳೆಣಿಕೆಯಷ್ಟು, ಅವುಗಳಲ್ಲಿ ಹಲವು ಈ ನಂಬಿಕೆಗೆ ವಿರುದ್ಧವಾಗಿಯೇ ಇದ್ದವು.

ಹಾಗಿದ್ದೂ ‘ನಾನು ಮಾಡಿ ನೋಡಿದೆ, ಕೆಲಸ ಮಾಡಿತು’ ಎನ್ನುವ ಶಿಕ್ಷಕರು ಎಷ್ಟೋ ಜನ ಇದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಮೂರೂ ಗುಂಪಿಗೆ ಸಲ್ಲಬೇಕೆಂದು ಅವರು ಚಿತ್ರ ಬರೆದರು, ಬಾಯಲ್ಲಿ ವಿವರಿಸಿದರು, ಕೈಯಲ್ಲಿ ಮಾಡಿಸಿದರು. ಇದು ಎಲ್ಲ ಮಕ್ಕಳಿಗೂ ಒಳ್ಳೆಯದಾಯಿತು, ಅಷ್ಟೇ. ಮಾತು ಮತ್ತು ಚಿತ್ರ ಒಟ್ಟಿಗೆ ಬಂದಾಗ ನೆನಪು ಗಟ್ಟಿಯಾಗುತ್ತದೆ ಎಂದು ಕೆನಡಾದ ಅಲನ್ ಪೈವಿಯೋ 1970ರ ದಶಕದಿಂದಲೇ ಹೇಳುತ್ತ ಬಂದರು, ಅದಕ್ಕೆ ಸಾಕಷ್ಟು ಪ್ರಯೋಗಗಳ ಬೆಂಬಲವೂ ಇದೆ. ಯಾವ ಇಂದ್ರಿಯ ಬೇಕು ಎಂದು ತೀರ್ಮಾನಿಸುವುದು ಪಾಠದ ವಸ್ತು, ಮಗುವಿನ ಜಾತಕ ಅಲ್ಲ. ನಕ್ಷೆಯನ್ನು ಯಾರಿಗಾದರೂ ತೋರಿಸಲೇಬೇಕು. ಉಚ್ಚಾರಣೆಯನ್ನು ಕೇಳಿಸಲೇಬೇಕು. ಪ್ರಯೋಗಾಲಯದ ಅಳತೆ ಕೊಳವೆಯಾದ ಬ್ಯುರೆಟ್‌ನಿಂದ ದ್ರವವನ್ನು ಹನಿ ಹನಿಯಾಗಿ ಬಿಡುವುದನ್ನು ಕೈಯಲ್ಲಿ ಮಾಡಿಯೇ ಕಲಿಯಬೇಕು.

ಗುಂಪು ಮಾಡುವುದರಿಂದ ಸಮಯ ಹಾಳು ಎನ್ನುವುದಷ್ಟೇ ನನ್ನ ತಕರಾರಲ್ಲ. ಹಣೆಪಟ್ಟಿ ಮಗುವಿಗೆ ಅಂಟಿಕೊಳ್ಳುತ್ತದೆ. ‘ನಾನು ಮಾಡಿ ಕಲಿಯೋನು, ಓದಿದ್ರೆ ನಂಗೆ ಹತ್ತಲ್ಲ’ ಎಂದು ಹದಿಮೂರು ವರ್ಷದ ಹುಡುಗ ಹೇಳಲು ಶುರು ಮಾಡಿದರೆ, ‘ಗಣಿತ ಬರಲ್ಲ’ ಎನ್ನುವುದರ ಜೊತೆಗೆ ಇನ್ನೊಂದು ನೆಪವನ್ನು ಶಾಲೆಯೇ ಕೊಟ್ಟಂತಾಯಿತು.

ಕಣ್ಣಿನ ವಿಚಾರಕ್ಕೆ ಹೆಚ್ಚು ಜಾಗ ಬೇಡ. ಮೇಲಕ್ಕೆ ಎಡಗಡೆ ನೋಡಿದರೆ ಕಂಡದ್ದನ್ನು ನೆನೆಯುತ್ತಿದ್ದಾನೆ, ಮೇಲಕ್ಕೆ ಬಲಗಡೆ ನೋಡಿದರೆ ಕಟ್ಟಿ ಹೇಳುತ್ತಿದ್ದಾನೆ ಎನ್ನುವ ನಕ್ಷೆಯನ್ನು ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು ಸುಳ್ಳು ಪತ್ತೆಯ ವಿಷಯದಲ್ಲಿ ಮೂರು ಅಧ್ಯಯನಗಳಲ್ಲಿ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಯಾವುದರಲ್ಲೂ ಸಂಬಂಧ ಕಾಣಲಿಲ್ಲ. ನೀವು ಪ್ರಶ್ನೆ ಕೇಳಿದಾಗ ಮಗು ಸೂರು ನೋಡಿದರೆ ಅದು ಯೋಚಿಸುತ್ತಿದೆ, ಸುಮ್ಮನಿರಿ. ಅಷ್ಟು ತಿಳಿದರೆ ಸಾಕು. ಈ ನಕ್ಷೆ ನಂಬಿ ‘ನೀನು ಸುಳ್ಳು ಹೇಳ್ತಿದೀಯ’ ಎಂದು ಯಾರಾದರೂ ಒಂದು ಮಗುವಿನ ಮೇಲೆ ಆರೋಪ ಹೊರಿಸಿದರೆ ಆಗುವ ಅನ್ಯಾಯ ಸಣ್ಣದಲ್ಲ.

ಇದೇ ಸಾಲಿನ ಇನ್ನೊಂದು ಮಾತು: ಸಂವಹನದಲ್ಲಿ ಪದಗಳ ಪಾಲು ಶೇ 7, ಧ್ವನಿಯ ಪಾಲು ಶೇ 38, ದೇಹಭಾಷೆಯ ಪಾಲು ಶೇ 55 ಎಂಬ ಸ್ಲೈಡು. ಎನ್‌ಎಲ್‌ಪಿ ತರಬೇತಿಗಳಲ್ಲಿ ಇದು ಬಾರದೆ ಇರುವುದು ಅಪರೂಪ, ನಿಮಗೂ ತೋರಿಸಿರಬಹುದು. ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳಿಂದ ಬಂದ ಅಂಕಿಗಳು ಇವು. ಅಲ್ಲಿ ಕೇಳಿಸಿದ್ದು ಬಿಡಿ ಪದಗಳನ್ನು. ಹೇಳುವವರಿಗೆ ಇಷ್ಟವಿದೆಯೋ ಇಲ್ಲವೋ ಎಂದು ಊಹಿಸುವುದಷ್ಟೇ ಕೆಲಸ. ಭಾವನೆ, ಇಷ್ಟಾನಿಷ್ಟಗಳ ಆಚೆಗೆ ಈ ಸೂತ್ರ ಅನ್ವಯಿಸುವುದಿಲ್ಲ ಎಂದು ಸ್ವತಃ ಮೆಹ್ರಾಬಿಯನ್ ಹೇಳಿದ್ದಾರೆ. ದ್ಯುತಿಸಂಶ್ಲೇಷಣೆಯ ಪಾಠದಲ್ಲಿ ಪದಗಳ ಪಾಲು ಶೇ 7 ಆಗಿದ್ದರೆ ನೀವು ಮೂಕಾಭಿನಯದಲ್ಲೇ ಪಾಠ ಮುಗಿಸಬಹುದಿತ್ತಲ್ಲ!

ಜೊಳ್ಳು ತೂರಿದ್ದಾಯಿತು. ಈಗ ಕಾಳಿನ ಮಾತು.

ಗ್ರಿಂಡರ್ ಭಾಷಾಶಾಸ್ತ್ರಜ್ಞ ಎಂದೆನಲ್ಲ, ಅವರ ನಿಜವಾದ ಕೊಡುಗೆ ‘ಮೆಟಾ ಮಾಡೆಲ್’ ಎಂಬ ಪ್ರಶ್ನೆಗಳ ಸರಣಿ. ಮನುಷ್ಯ ತನ್ನ ಅನುಭವವನ್ನು ಮಾತಿಗೆ ಇಳಿಸುವಾಗ ಮೂರು ಬಗೆಯಲ್ಲಿ ಅದನ್ನು ಕುಗ್ಗಿಸುತ್ತಾನೆ: ಕೆಲವನ್ನು ಬಿಟ್ಟುಬಿಡುತ್ತಾನೆ, ಒಂದೆರಡನ್ನು ಎಲ್ಲಕ್ಕೂ ಹಬ್ಬಿಸುತ್ತಾನೆ, ಕೆಲವನ್ನು ತಿರುಚುತ್ತಾನೆ. ಸರಿಯಾದ ಪ್ರಶ್ನೆ ಕೇಳಿದರೆ ಬಿಟ್ಟದ್ದು ಹೊರಗೆ ಬರುತ್ತದೆ. ‘ನಂಗೆ ಗಣಿತ ಬರಲ್ಲ’ ಎನ್ನುವ ಮೂರು ಪದಗಳಲ್ಲಿ ಈ ಮೂರೂ ಇವೆ. ಗಣಿತದಲ್ಲಿ ಯಾವುದು ಎನ್ನುವುದನ್ನು ಮಗು ಬಿಟ್ಟಿದೆ, ಒಂದು ಕಡೆ ಎಡವಿದ್ದನ್ನು ಇಡೀ ವಿಷಯಕ್ಕೆ ಹಬ್ಬಿಸಿದೆ, ‘ಈ ಲೆಕ್ಕ ಮಾಡಲಿಲ್ಲ’ ಎನ್ನುವ ಘಟನೆಯನ್ನು ‘ನಾನು ಇಂಥವನು’ ಎಂಬ ಗುಣವಾಗಿ ತಿರುಚಿದೆ. ನಾವು ಸಾಮಾನ್ಯವಾಗಿ ಕೊಡುವ ಉತ್ತರ ಎರಡು. ‘ಯಾಕೆ ಬರಲ್ಲ? ಪ್ರಯತ್ನ ಮಾಡಲ್ಲ ನೀನು’ ಎಂದು ಗದರುತ್ತೇವೆ, ಇಲ್ಲವೇ ‘ಬರುತ್ತೆ ಬಿಡು, ನೀನು ಜಾಣ’ ಎಂದು ಸಮಾಧಾನ ಮಾಡುತ್ತೇವೆ. ಮೊದಲನೆಯದಕ್ಕೆ ಮಗು ನೆಪ ಹುಡುಕುತ್ತದೆ, ಎರಡನೆಯದನ್ನು ನಂಬುವುದಿಲ್ಲ. ಇವೆರಡರ ಬದಲು ಮಾತುಕತೆ ಹೀಗೆ ಸಾಗಬಹುದು:

‘ನಂಗೆ ಗಣಿತ ಬರಲ್ಲ ಮಿಸ್.’
‘ಗಣಿತದಲ್ಲಿ ಯಾವುದು?’
‘ಎಲ್ಲಾ.’
‘ಎಲ್ಲಾನಾ? ಮೂರು ಎಕ್ಸ್ ಅಂದ್ರೆ ಹನ್ನೆರಡು. ಎಕ್ಸ್ ಎಷ್ಟು?’
‘ನಾಲ್ಕು.’
‘ಸರಿ. ಮೂರು ಎಕ್ಸ್‌ಗೆ ಐದು ಕೂಡಿಸಿದ್ರೆ ಹದಿನೇಳು. ಈಗ?’
‘…ನಾಲ್ಕೇ.’
‘ಮೂರು ಎಕ್ಸ್‌ಗೆ ಐದು ಕೂಡಿಸಿದ್ರೂ, ಒಂದು ಎಕ್ಸ್‌ಗೆ ಹದಿಮೂರು ಕೂಡಿಸಿದ್ರೂ ಒಂದೇ ಉತ್ತರ ಬರುತ್ತೆ. ಈಗ?’
‘ಇದೇ ಮಿಸ್ ಬರದೇ ಇರೋದು. ಎರಡೂ ಕಡೆ ಎಕ್ಸ್ ಬಂದ್ರೆ ಯಾವುದನ್ನ ಎಲ್ಲಿಗೆ ತಗೊಂಡು ಹೋಗ್ಬೇಕು ಅಂತ ಗೊತ್ತಾಗಲ್ಲ.’

ನೋಡಿ, ‘ಗಣಿತ’ ಎಂಬ ಬೆಟ್ಟ ‘ಎರಡೂ ಕಡೆ ಎಕ್ಸ್’ ಎಂಬ ಒಂದು ಕಲ್ಲಿಗೆ ಇಳಿಯಿತು. ಇಲ್ಲಿಂದ ಮುಂದಿನದು ಎನ್‌ಎಲ್‌ಪಿ ಅಲ್ಲ, ಪಾಠ. ಎರಡೂ ಬದಿಯಿಂದ ಒಂದೊಂದು ಎಕ್ಸ್ ತೆಗೆದರೂ ಸಮತೆ ಉಳಿಯುತ್ತದೆ ಎಂದು ನೀವು ತೋರಿಸಬೇಕು, ಮಗು ಅಭ್ಯಾಸ ಮಾಡಬೇಕು. ಎಷ್ಟು ಒಳ್ಳೆಯ ಪ್ರಶ್ನೆ ಕೇಳಿದರೂ ಬೀಜಗಣಿತ ತಾನಾಗಿ ಬರುವುದಿಲ್ಲ. ಪ್ರಶ್ನೆ ಮಾಡುವ ಕೆಲಸ, ಪಾಠ ಎಲ್ಲಿಂದ ಶುರುವಾಗಬೇಕು ಎಂದು ತೋರಿಸುವುದು.

ಇಂಥ ಇನ್ನೂ ಕೆಲವು ಮಾತುಗಳು ನಿಮಗೆ ದಿನವೂ ಕೇಳಿಬರುತ್ತವೆ. ‘ನಂಗೆ ಯಾವಾಗಲೂ ಕಡಿಮೆ ಮಾರ್ಕ್ಸೇ ಬರೋದು’ ಎಂದರೆ, ಸ್ವಲ್ಪ ಹೆಚ್ಚು ಬಂದ ಒಂದು ಸಲವನ್ನು ಹುಡುಕಿಸಿ, ಆ ಸಲ ಬೇರೆ ಏನು ಮಾಡಿದ್ದೆ ಎಂದು ಕೇಳಿ. ‘ಆ ಸರ್‌ಗೆ ನನ್ನ ಕಂಡ್ರೆ ಆಗಲ್ಲ’ ಎಂದರೆ ‘ಅದು ನಿನಗೆ ಹೇಗೆ ಗೊತ್ತಾಯ್ತು?’ ಎಂಬ ಪ್ರಶ್ನೆ ಸಾಕು, ಆದರೆ ವ್ಯಂಗ್ಯ ಬೆರೆಸದೆ, ನಿಜವಾಗಿ ತಿಳಿಯಬೇಕೆಂದು ಕೇಳಬೇಕು. ಕೆಲವೊಮ್ಮೆ ಮಗು ಕೊಡುವ ಉತ್ತರ ನಿಜವೇ ಆಗಿರುತ್ತದೆ, ಅದನ್ನು ಕೇಳಿಸಿಕೊಳ್ಳುವ ತಯಾರಿಯೂ ಇರಲಿ. ‘ಬೋರ್ಡ್ ಹತ್ರ ಬರೋಕಾಗಲ್ಲ’ ಎಂದರೆ ‘ಬಂದ್ರೆ ಏನಾಗುತ್ತೆ?’ ಎಂದು ಕೇಳಿದಾಗ, ‘ತಪ್ಪಾದ್ರೆ ನಗ್ತಾರೆ’ ಎಂಬ ಉತ್ತರ ಬರಬಹುದು. ಆಗ ಸರಿಪಡಿಸಬೇಕಾದ್ದು ಆ ಮಗುವನ್ನಲ್ಲ, ನಗುವ ತರಗತಿಯನ್ನು.

ಎರಡು ಎಚ್ಚರ ಹೇಳಲೇಬೇಕು. ಈ ಪ್ರಶ್ನೆಗಳನ್ನು ಒಂದರ ಹಿಂದೆ ಒಂದು ಹಾರಿಸಿದರೆ ಅದು ಠಾಣೆಯ ವಿಚಾರಣೆಯಂತೆ ಆಗುತ್ತದೆ. ಒಂದು ಕೇಳಿ, ಕಾಯಿರಿ, ಬಂದ ಉತ್ತರವನ್ನು ಮಗುವಿನ ಪದಗಳಲ್ಲೇ ಒಮ್ಮೆ ಹೇಳಿ, ಆಮೇಲೆ ಮುಂದಿನದು. ಇನ್ನೊಂದು, ಇಡೀ ತರಗತಿಯ ಎದುರು ಇದನ್ನು ಮಾಡಬೇಡಿ. ಮಕ್ಕಳು ಲೆಕ್ಕ ಮಾಡುತ್ತಿರುವಾಗ ಬೆಂಚಿನ ಪಕ್ಕಕ್ಕೆ ಹೋಗಿ ತಗ್ಗಿದ ಧ್ವನಿಯಲ್ಲಿ ಕೇಳಿ.

‘ಕಾಯಿರಿ’ ಎಂದೆ. ಎನ್‌ಎಲ್‌ಪಿಯ ಪುಸ್ತಕಗಳಲ್ಲಿ ಇದಕ್ಕೆ ಅಷ್ಟು ಮಹತ್ವ ಇಲ್ಲ, ಆದರೆ ತರಗತಿಯ ಸಂಶೋಧನೆಯಲ್ಲಿ ಇದೆ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನೆ ಕೂರುವ ಮಕ್ಕಳು ಕಡಿಮೆಯಾಗುತ್ತಾರೆ, ಮಕ್ಕಳೇ ಪ್ರಶ್ನೆ ಕೇಳುವುದು ಹೆಚ್ಚುತ್ತದೆ ಎಂದು ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. ಕಾಯದೆ ಕೇಳಿದ ಪ್ರಶ್ನೆಯಿಂದ ಹೆಚ್ಚೇನೂ ಹೊರಡುವುದಿಲ್ಲ.

ಮಗುವಿನ ಮಾತು ಬಿಡಿಸುವಷ್ಟೇ ಮುಖ್ಯ ನಮ್ಮ ಮಾತು. ‘ಅರ್ಥ ಆಯ್ತಾ?’ ಎಂದು ನಾವು ಕೇಳುತ್ತೇವೆ, ‘ಆಯ್ತು’ ಎಂದು ತರಗತಿ ಒಕ್ಕೊರಲಿನಿಂದ ಹೇಳುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ‘ಯಾರಿಗಾದ್ರೂ ಡೌಟ್ ಇದ್ಯಾ?’ ಎಂದರೆ ಕೈ ಎತ್ತುವ ಮಗು ತಾನೊಬ್ಬನೇ ದಡ್ಡ ಎಂದು ಒಪ್ಪಿಕೊಂಡಂತೆ. ‘ಇದರಲ್ಲಿ ಯಾವ ಹೆಜ್ಜೆ ತೊಡಕು ಅನ್ನಿಸ್ತು?’ ಎಂದರೆ ತೊಡಕು ಇದ್ದೇ ಇರುತ್ತದೆ ಎಂದು ನಾವೇ ಮೊದಲು ಒಪ್ಪಿಕೊಂಡ ಹಾಗಾಯಿತು. ಎನ್‌ಎಲ್‌ಪಿ ಇದನ್ನು ಪೂರ್ವಗ್ರಹಿಕೆಯ ಬಳಕೆ ಎನ್ನುತ್ತದೆ. ಮಕ್ಕಳನ್ನು ಮರುಳು ಮಾಡಲು ಬಳಸುವವರೂ ಇದ್ದಾರೆ, ಇಲ್ಲಿ ಅದು ಬರೀ ಸೌಜನ್ಯ. ‘ಇದು ತುಂಬಾ ಸುಲಭ’ ಎನ್ನುವುದನ್ನಂತೂ ಇಂದಿನಿಂದಲೇ ಬಿಡಿ ಎಂದು ಬೇಡಿಕೊಳ್ಳುತ್ತೇನೆ. ಬಂದ ಮಗುವಿಗೆ ಸುಲಭದ್ದು ಬಂತು ಎಂದರೆ ಹೆಮ್ಮೆ ಏನಿಲ್ಲ. ಬಾರದ ಮಗುವಿಗೆ ಸುಲಭದ್ದೂ ಬರಲಿಲ್ಲ ಎಂಬ ಅವಮಾನ.

‘ಮನಸ್ಸಿಗೆ ಬೇಡ ಎನ್ನುವುದು ಅರ್ಥವಾಗುವುದಿಲ್ಲ’ ಎಂದು ತರಬೇತುದಾರರು ಹೇಳುವುದುಂಟು. ಅದು ಉತ್ಪ್ರೇಕ್ಷೆ, ಮಕ್ಕಳಿಗೆ ‘ಬೇಡ’ ಚೆನ್ನಾಗಿಯೇ ಅರ್ಥವಾಗುತ್ತದೆ. ಆದರೆ ‘ಗಲಾಟೆ ಮಾಡಬೇಡಿ’ ಎಂದಾಗ ಏನು ಮಾಡಬಾರದು ಎಂದು ತಿಳಿಯುತ್ತದೆಯೇ ಹೊರತು ಏನು ಮಾಡಬೇಕು ಎಂದು ತಿಳಿಯುವುದಿಲ್ಲ. ‘ಪುಸ್ತಕ ತೆಗೆದು ನಾಲ್ಕನೇ ಲೆಕ್ಕ ಬರೆದುಕೊಳ್ಳಿ’ ಎಂದರೆ ಕೆಲಸ ಸಿಕ್ಕಿತು.

ಹೊಗಳಿಕೆಯ ವಿಷಯದಲ್ಲಿ ಎನ್‌ಎಲ್‌ಪಿಗಿಂತ ಉತ್ತಮ ಆಧಾರ ಬೇರೆ ಕಡೆ ಇದೆ. ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ‘ನೀನು ಬುದ್ಧಿವಂತ’ ಎಂದು ಹೊಗಳಿಸಿಕೊಂಡ ಐದನೇ ತರಗತಿಯ ಮಕ್ಕಳು ಮುಂದೆ ಕಷ್ಟದ ಒಗಟಿನಲ್ಲಿ ಸೋತಾಗ ಬೇಗ ಕೈಚೆಲ್ಲಿದರು. ‘ಚೆನ್ನಾಗಿ ಶ್ರಮ ಹಾಕಿದೆ’ ಎನ್ನಿಸಿಕೊಂಡವರು ಇನ್ನಷ್ಟು ಹೊತ್ತು ಪಟ್ಟುಹಿಡಿದರು. ನೀವು ಇನ್ನೂ ನಿರ್ದಿಷ್ಟವಾಗಿ ಹೇಳಬಹುದು: ‘ಚಿಹ್ನೆ ಬದಲಾಗಿದ್ದನ್ನ ನೀನೇ ಕಂಡುಹಿಡಿದೆ.’ ನಿಜವಾಗಿ ಮಾಡಿದ್ದನ್ನು ಹೆಸರಿಸಿ ಹೇಳಿದ ಮಾತನ್ನು ಯಾವ ಮಗುವೂ ತಳ್ಳಿಹಾಕಲಾರದು.

ತರಬೇತಿಯಲ್ಲಿ ‘ಮಿರರಿಂಗ್’ ಅಭ್ಯಾಸ ಮಾಡಿಸಿರಬಹುದು, ಎದುರಿನವರು ಕೈಕಟ್ಟಿದರೆ ನಾವೂ ಕೈಕಟ್ಟುವುದು. ಎದುರಿನವರ ಗಮನಕ್ಕೆ ಬಾರದ ಸಣ್ಣ ಅನುಕರಣೆ ಆಪ್ತತೆ ಹೆಚ್ಚಿಸುತ್ತದೆ ಎಂಬುದಕ್ಕೆ ಚಾರ್ಟ್‌ರಾಂಡ್ ಮತ್ತು ಬಾರ್ಗ್ 1999ರಲ್ಲಿ ಪ್ರಕಟಿಸಿದ ಪ್ರಯೋಗದ ಆಧಾರ ಇದೆ. ಆದರೆ ಎಂಟನೇ ತರಗತಿಯ ಮಕ್ಕಳು ಟೀಚರ್ ತಮ್ಮನ್ನು ನಕಲು ಮಾಡುತ್ತಿದ್ದಾರೆ ಎನ್ನುವುದನ್ನು ಕ್ಷಣದಲ್ಲಿ ಹಿಡಿಯುತ್ತಾರೆ, ಆಮೇಲೆ ವಿರಾಮದಲ್ಲಿ ಅವರೇ ನಿಮ್ಮ ನಕಲು ಮಾಡುತ್ತಾರೆ. ಭಂಗಿಯನ್ನು ಬಿಡಿ, ವೇಗವನ್ನು ಹೊಂದಿಸಿ. ನಿಧಾನಕ್ಕೆ ಮಾತಾಡುವ ಮಗುವಿನ ಹತ್ತಿರ ನೀವೂ ನಿಧಾನವಾಗಿ.

ಇಡೀ ತರಗತಿಗೂ ಇದೇ ತತ್ವ ಅನ್ವಯಿಸುತ್ತದೆ. ಇಲ್ಲಿ ಇನ್ನೊಬ್ಬ ಗ್ರಿಂಡರ್ ಉಪಯೋಗಕ್ಕೆ ಬರುತ್ತಾರೆ. ಜಾನ್ ಗ್ರಿಂಡರ್ ಅವರ ಸೋದರ ಮೈಕಲ್ ಗ್ರಿಂಡರ್ ಸ್ವತಃ ಶಿಕ್ಷಕರಾಗಿದ್ದವರು. ಚಿಕಿತ್ಸೆಯ ಕೋಣೆಯಿಂದ ಬಂದ ಈ ವಿದ್ಯೆಯಲ್ಲಿ ತರಗತಿಗೆ ಸಲ್ಲುವುದನ್ನು ಆರಿಸಿ, ಮಾತಿಲ್ಲದೆ ತರಗತಿ ನಡೆಸುವ ಕೆಲವು ವಿಧಾನಗಳನ್ನು ರೂಪಿಸಿದರು. ನನ್ನ ಅಭಿಪ್ರಾಯದಲ್ಲಿ ಶಾಲೆಗಳಿಗೆ ಎನ್‌ಎಲ್‌ಪಿ ಕೊಟ್ಟ ಅತಿ ಉಪಯುಕ್ತ ಭಾಗ ಅದೇ, ತರಬೇತಿಗಳಲ್ಲಿ ಅತಿ ಕಡಿಮೆ ಕೇಳಿಬರುವುದೂ ಅದೇ. ಆಟದ ಪೀರಿಯಡ್ ಮುಗಿಸಿ ತರಗತಿ ಗಲಗಲ ಎನ್ನುತ್ತಿದೆ ಎನ್ನಿ. ಆ ಗದ್ದಲಕ್ಕಿಂತ ತುಸು ಮೇಲಿನ ಧ್ವನಿಯಲ್ಲಿ ಒಂದೇ ಮಾತು ಹೇಳಿ: ‘ಎಂಟನೇ ಕ್ಲಾಸ್!’ ಅಲ್ಲೇ ನಿಲ್ಲಿಸಿ. ಕಾಲು, ಕೈ, ತಲೆ ಯಾವುದೂ ಅಲುಗಬಾರದು. ಆ ಕ್ಷಣದ ನಿಶ್ಶಬ್ದದಲ್ಲಿ ಮುಂದಿನ ವಾಕ್ಯವನ್ನು ಪಿಸುಮಾತಿಗೆ ಹತ್ತಿರದ ಧ್ವನಿಯಲ್ಲಿ ಹೇಳಿ. ಬಹುತೇಕ ನಾವು ಇದರ ತಿರುಗುಮುರುಗು ಮಾಡುತ್ತೇವೆ. ನಡೆದಾಡುತ್ತ, ಡಸ್ಟರ್ ಹುಡುಕುತ್ತ, ‘ಸೈಲೆನ್ಸ್, ಸೈಲೆನ್ಸ್’ ಎಂದು ಧ್ವನಿ ಏರಿಸುತ್ತ ಹೋಗುತ್ತೇವೆ, ಅವರೂ ಏರಿಸುತ್ತಾರೆ.

ಇನ್ನೊಂದು, ಮಕ್ಕಳಿಗೆ ಕೆಲಸ ಕೊಡುವ ಗಳಿಗೆ. ಪುಟ, ಲೆಕ್ಕದ ಸಂಖ್ಯೆ, ಎಷ್ಟು ಹೊತ್ತು, ಮುಗಿದ ಮೇಲೆ ಏನು ಎನ್ನುವುದನ್ನು ಬೋರ್ಡಿನ ಮೇಲೆ ಬರೆಯಿರಿ. ‘ಶುರು ಮಾಡಿ’ ಎಂದ ಮೇಲೆ ಸುಮಾರು ಇಪ್ಪತ್ತು ಸೆಕೆಂಡು ನೀವು ಇದ್ದಲ್ಲೇ ನಿಲ್ಲಿ, ಯಾರ ಬಳಿಗೂ ಹೋಗಬೇಡಿ. ಆ ಇಪ್ಪತ್ತು ಸೆಕೆಂಡಿನಲ್ಲಿ ತರಗತಿ ಕೆಲಸಕ್ಕೆ ಇಳಿಯುತ್ತದೆ. ‘ಮಿಸ್, ಯಾವ ಲೆಕ್ಕ?’ ಎಂದು ಕೇಳಿದವರಿಗೆ ಬೋರ್ಡ್ ತೋರಿಸಿದರೆ ಸಾಕು.

ಆಂಕರಿಂಗ್ ಕೆಲಸ ಮಾಡುವುದು ಇಲ್ಲಿ. ಒಂದು ಸೂಚನೆ ಒಂದು ಸ್ಥಿತಿಯೊಂದಿಗೆ ಮತ್ತೆ ಮತ್ತೆ ಜೋಡಿಯಾದರೆ, ಆಮೇಲೆ ಸೂಚನೆ ಮಾತ್ರದಿಂದಲೇ ಆ ಸ್ಥಿತಿ ಬರುತ್ತದೆ. ಪಾವ್ಲೋವ್ ಅವರ ನಾಯಿಗಳ ಪ್ರಯೋಗವನ್ನು ನೀವೇ ಮಕ್ಕಳಿಗೆ ಹೇಳಿರುತ್ತೀರಿ, ತತ್ವ ಅದೇ. ನೀವು ಪಾಠ ಮಾಡುವ ಜಾಗ, ಬೋರ್ಡಿನ ಮುಂದಿನ ನಡುಭಾಗ, ಪಾಠಕ್ಕೇ ಮೀಸಲಿರಲಿ. ಬೈಯಬೇಕಾದರೆ ಅಲ್ಲಿಂದ ಸರಿದು ಕಿಟಕಿಯ ಬದಿಗೋ ಬಾಗಿಲ ಬದಿಗೋ ಹೋಗಿ, ಹೇಳುವುದನ್ನು ಚಿಕ್ಕದಾಗಿ ಹೇಳಿ, ಉಸಿರು ಬಿಟ್ಟು ಮತ್ತೆ ನಡುವಿಗೆ ಬಂದು ಎಂದಿನ ಧ್ವನಿಯಲ್ಲಿ ಪಾಠ ಮುಂದುವರಿಸಿ. ತಪ್ಪದೆ ಹೀಗೆ ಮಾಡುತ್ತ ಬಂದರೆ ನೀವು ಆ ಬದಿಗೆ ಹೆಜ್ಜೆ ಹಾಕಿದರೂ ಸಾಕು, ತರಗತಿ ತಣ್ಣಗಾಗುತ್ತದೆ. ಪ್ರಯೋಗಾಲಯದ ಸುರಕ್ಷತೆಯ ಸೂಚನೆಗೂ ಹೀಗೆಯೇ ಒಂದು ಜಾಗ ಇಟ್ಟುಕೊಳ್ಳಬಹುದು. ಒಂದು ದಿನ ನಡುವಿನಲ್ಲಿ ನಿಂತು ಬೈದರೆ ಕಟ್ಟಿದ್ದು ಸಡಿಲವಾಗುತ್ತದೆ.

ಪರೀಕ್ಷೆಯ ಭಯಕ್ಕೆ ಬೆರಳು ಒತ್ತಿಕೊಳ್ಳುವುದರಿಂದ ಹಾನಿಯೇನೂ ಇಲ್ಲ, ಮಗುವಿಗೆ ಇಷ್ಟವಾದರೆ ಮಾಡಿಕೊಳ್ಳಲಿ. ಆದರೆ ಅದರ ಮೇಲೆ ಭಾರ ಹಾಕಬೇಡಿ, ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಆಂಕರ್ ಹಾಕುವ ಹೆಸರಿನಲ್ಲಿ ಮಗುವಿನ ಭುಜವನ್ನೋ ಕೈಯನ್ನೋ ನೀವು ಮುಟ್ಟುವುದು ಸುತರಾಂ ಬೇಡ. ಕಲ್ಪನೆಯ ಅಭ್ಯಾಸ ಮಾಡಿಸುವುದಾದರೆ ಒಂದು ಮುಖ್ಯ ವ್ಯತ್ಯಾಸ ತಿಳಿದಿರಿ. ‘ಕಣ್ಣು ಮುಚ್ಚಿ, ನಿಮಗೆ ತೊಂಬತ್ತೈದು ಬಂದಿದೆ ಅಂದುಕೊಳ್ಳಿ’ ಎನ್ನುವುದೇ ತರಬೇತಿಗಳ ರೂಢಿ. ಲಿಯೆನ್ ಫಾಮ್ ಮತ್ತು ಶೆಲ್ಲಿ ಟೇಲರ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷೆಗೆ ಮುನ್ನ ಕೆಲವು ಕಾಲೇಜು ವಿದ್ಯಾರ್ಥಿಗಳು ಒಳ್ಳೆಯ ಅಂಕ ಬಂದುದನ್ನು ಕಲ್ಪಿಸಿಕೊಂಡರು, ಕೆಲವರು ತಾವು ಕೂತು ಓದುತ್ತಿರುವುದನ್ನು ಕಲ್ಪಿಸಿಕೊಂಡರು. ಅನುಕೂಲವಾದದ್ದು ಎರಡನೆಯವರಿಗೆ. ಆದ್ದರಿಂದ ‘ಪ್ರಶ್ನೆಪತ್ರಿಕೆ ಕೈಗೆ ಬಂತು, ಮೊದಲನೇದು ಬರ್ತಿಲ್ಲ, ಅದನ್ನ ಬಿಟ್ಟು ಗೊತ್ತಿರೋದನ್ನ ಹುಡುಕ್ತಿದೀನಿ’ ಎಂದು ಮಾಡುವ ಕೆಲಸವನ್ನು ಕಲ್ಪಿಸಿಕೊಳ್ಳಲಿ. ಎದೆ ಹೊಡೆದುಕೊಳ್ಳುವುದಕ್ಕೆ ‘ಹೆದರಬೇಡ’ ಎನ್ನುವುದಕ್ಕಿಂತ ‘ಮೈ ತಯಾರಾಗ್ತಿದೆ’ ಎಂಬ ಹೊಸ ಅರ್ಥ ಕೊಡುವುದು ಮೇಲು. ಇದು ಎನ್‌ಎಲ್‌ಪಿಯ ‘ರೀಫ್ರೇಮಿಂಗ್’ ಅನ್ನು ಹೋಲುವಂಥದ್ದೇ. ಆತಂಕವನ್ನು ಅದುಮುವ ಬದಲು ಹುರುಪು ಎಂದು ಹೆಸರಿಸಿಕೊಂಡವರು ಗಣಿತದ ಪರೀಕ್ಷೆಯೂ ಸೇರಿದಂತೆ ಕೆಲವು ಕೆಲಸಗಳಲ್ಲಿ ಉತ್ತಮವಾಗಿ ಮಾಡಿದರು ಎಂದು ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ವರದಿ ಮಾಡಿದ್ದಾರೆ. ಇದೆಲ್ಲಕ್ಕಿಂತ ಮೇಲೆ, ಅಂಕ ಲೆಕ್ಕಕ್ಕೆ ಬಾರದ ಸಣ್ಣ ಸಣ್ಣ ಪರೀಕ್ಷೆಗಳನ್ನು ಆಗಾಗ ಕೊಡಿ. ಭಯವೂ ಇಳಿಯುತ್ತದೆ, ಕಲಿತದ್ದು ನೆನಪಿನಲ್ಲೂ ಉಳಿಯುತ್ತದೆ.

ಫೋಬಿಯಾ ಕಳೆಯುವುದು, ಹಳೆಯ ನೋವಿಗೆ ಹಿಂದಿರುಗಿಸುವುದು, ಸಂಮೋಹನದ ಮಾತು, ಇವೂ ಎನ್‌ಎಲ್‌ಪಿ ಪಠ್ಯದಲ್ಲಿವೆ. ತರಗತಿಗೆ ಇವು ಬೇಡವೇ ಬೇಡ. ಊಟ, ನಿದ್ದೆ ಬಿಡುವಷ್ಟು ಹೆದರುವ ಮಗುವನ್ನು ಆಪ್ತಸಮಾಲೋಚಕರ ಬಳಿಗೆ ಕಳಿಸಿ.

ಮುಖ್ಯೋಪಾಧ್ಯಾಯರಿಗೆ ಏನು ಹೇಳುವುದು? ‘ತರಬೇತಿ ದಂಡ’ ಎಂದರೆ ಅವರಿಗೆ ಮುಜುಗರ, ನಿಮಗೂ ಕಷ್ಟ. ಎಲ್ಲ ಮಕ್ಕಳಿಗೂ ಚಿತ್ರ, ಮಾತು, ಕೆಲಸ ಮೂರೂ ಕೊಡುತ್ತೇವೆ, ಆದರೆ ಹಣೆಪಟ್ಟಿ ಹಚ್ಚುವುದಿಲ್ಲ ಎನ್ನಿ. ಉಳಿದದ್ದನ್ನು ಪರೀಕ್ಷಿಸಿ ನೋಡೋಣ ಎನ್ನಿ. ನಿಮಗೆ ಎರಡು ವಿಭಾಗಗಳಿವೆ, ಅದು ದೊಡ್ಡ ಅನುಕೂಲ. ಒಂದು ಅಧ್ಯಾಯದಲ್ಲಿ ಒಂದು ವಿಭಾಗಕ್ಕೆ ಮಾತ್ರ ಒಂದೇ ಒಂದು ಬದಲಾವಣೆ ತನ್ನಿ, ಉದಾಹರಣೆಗೆ ಬಿಡಿಸುವ ಪ್ರಶ್ನೆಗಳು. ಮೊದಲೂ ಕೊನೆಯಲ್ಲೂ ಎರಡೂ ವಿಭಾಗಕ್ಕೆ ಒಂದೇ ಕಿರುಪರೀಕ್ಷೆ ಕೊಟ್ಟು, ಹೆಸರು ಮುಚ್ಚಿದ ಉತ್ತರಪತ್ರಿಕೆಗಳನ್ನು ಸಹೋದ್ಯೋಗಿಯಿಂದ ತಿದ್ದಿಸಿ. ಮುಂದಿನ ಅಧ್ಯಾಯದಲ್ಲಿ ವಿಭಾಗಗಳನ್ನು ಅದಲುಬದಲು ಮಾಡಿ. 2010ರಲ್ಲಿ ಬ್ರಿಟನ್ನಿನಲ್ಲಿ ಎನ್‌ಎಲ್‌ಪಿ ಬಳಸಿದ ಶಿಕ್ಷಕರ ತರಗತಿ ಅಧ್ಯಯನಗಳ ಸಂಗ್ರಹವೊಂದು ಬಂತು, ಬಹುಪಾಲು ವರದಿಗಳು ಉತ್ಸಾಹದವೇ. ಆದರೆ ತನ್ನ ಪ್ರಯೋಗವನ್ನು ತಾನೇ ಅಳೆಯುವಾಗ ಉತ್ಸಾಹ ಎಷ್ಟು, ವಿಧಾನ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಬೇರೆಯವರಿಂದ ತಿದ್ದಿಸಿ ಎಂದದ್ದು ಅದಕ್ಕೇ.

ಕೊನೆಯದಾಗಿ ಸರ್ಟಿಫಿಕೇಟ್ ಕೋರ್ಸು. ‘ಪ್ರಾಕ್ಟಿಷನರ್’, ‘ಮಾಸ್ಟರ್ ಪ್ರಾಕ್ಟಿಷನರ್’ ಎಂಬ ಬಿರುದುಗಳನ್ನು ಬೇರೆ ಬೇರೆ ಖಾಸಗಿ ಸಂಸ್ಥೆಗಳು ಬೇರೆ ಬೇರೆ ಅವಧಿಯ ಕೋರ್ಸುಗಳಿಗೆ ಕೊಡುತ್ತವೆ. ಎಲ್ಲರಿಗೂ ಅನ್ವಯಿಸುವ ಒಂದೇ ಮಾನದಂಡ ಇಲ್ಲ. ಶಿಕ್ಷಕಿಯಾಗಿ ನಿಮಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ. ಸೇರಲೇಬೇಕು ಎನ್ನಿಸಿದರೆ, ಕಣ್ಣಿನ ನಕ್ಷೆಯ ಬಗ್ಗೆ ನಿಮ್ಮ ನಿಲುವೇನು ಎಂದು ತರಬೇತುದಾರರನ್ನು ಮೊದಲೇ ಕೇಳಿ. ‘ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ, ನಾವು ಕಲಿಸುವುದಿಲ್ಲ’ ಎಂದವರ ಬಳಿ ಕಲಿಯಬಹುದು. ಅದಕ್ಕೂ ಮೊದಲು ಖರ್ಚಿಲ್ಲದ ಒಂದು ಕೆಲಸವಿದೆ. ಮುಖ್ಯೋಪಾಧ್ಯಾಯರಿಗೆ ತಿಳಿಸಿ, ನಿಮ್ಮ ಒಂದು ಪೀರಿಯಡ್ಡಿನ ಪಾಠವನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಮನೆಯಲ್ಲಿ ಕೇಳುತ್ತ ಎರಡು ಸಂಗತಿ ಬರೆದುಕೊಳ್ಳಿ: ‘ಅರ್ಥ ಆಯ್ತಾ?’ ಎಷ್ಟು ಸಲ ಬಂತು, ಪ್ರತಿ ಪ್ರಶ್ನೆಯ ನಂತರ ಎಷ್ಟು ಸೆಕೆಂಡು ಕಾದಿರಿ. ಮುಂದಿನ ವಾರ ಕಾಯುವ ಸಮಯ ಒಂದನ್ನೇ ಬದಲಿಸಿ, ಮತ್ತೆ ಮುದ್ರಿಸಿಕೊಂಡು, ಕೈಕಟ್ಟಿ ಕೂರುತ್ತಿದ್ದ ಆ ಮಕ್ಕಳ ಧ್ವನಿ ಎಷ್ಟು ಸಲ ಕೇಳಿಸಿತು ಎಂದು ಎಣಿಸಿ.